ರಾಡ್ ಮ್ಯಾಲ ಬರದದ್ದು 1500 ವ್ಯಾಟ್, ಖರೇ ಸಿಗೋದೆಷ್ಟು?

ಈ ಸಲದ ಪತ್ರ ಆಳಂದ, ಭಾಲ್ಕಿ, ಶಹಾಪುರ, ಬೀದರ, ಕಲಬುರಗಿ, ಯಾದಗಿರಿ ಕಡಿಂದ ಬಂದಾವ. ಕೇಳಿದ್ದು ಬ್ಯಾರೆ ಬ್ಯಾರೆ ಖರೆ, ಆದ್ರ ತಿರುಗಾಡಿ ಎಲ್ಲಾ ಒಂದೇ ಕಡಿ ಬಂದು ನಿಲ್ತಾವ. ವೋಲ್ಟೇಜು ಕರೆಂಟು ಗೊತ್ತಿದ್ರ ರೆಸಿಸ್ಟೆನ್ಸು (ಕರೆಂಟಿಗೆ ಬೀಳೋ ತಡಿ), ವ್ಯಾಟು ತೆಗಿಯೋದು ಹ್ಯಾಂಗ, ತೆಗದ ಮ್ಯಾಲ ಲೆಕ್ಕದಾಗ ಒಂದು ಮನ್ಯಾಗ ಇನ್ನೊಂದು ಯಾಕ ಬರ್ತದ ಅಂತ. ಭಾಗಾಕಾರ ಎಲ್ಲಾರಿಗೂ ಬರ್ತದ್ರಿ, ಯಾವ ಸಾಮಾನಿಗೆ ಆ ಭಾಗಾಕಾರ ಹಚ್ಚಬೇಕು ಅನ್ನೋದ್ರಾಗ ಸಿಕ್ಕೊಂಡಾರ.

ಪ್ರಶ್ನೆ: ಶರಣ್ರಿ ಸರ. ಹೊಸಾ ನೀರು ಕಾಯ್ಸೋ ರಾಡ್ ತಂದೀವಿ, ಮ್ಯಾಲ 1500 ವ್ಯಾಟ್, 230 ವೋಲ್ಟ್ ಅಂತ ಅದ. ತಂದಾಗ ಒಂದು ಬಕೀಟ್ ನೀರು ಇಪ್ಪತ್ತು ನಿಮಿಷದಾಗ ಕಾಯ್ತಿತ್ತು. ಈಗ ಮುಂಜಾನಿ ಹೊತ್ತು ಅರ್ಧ ತಾಸು ದಾಟಿದ್ರೂ ಉಗುರು ಬೆಚ್ಚಗೇ ಇರ್ತದ. ಫ್ರಿಜ್ಜಿನ ಸ್ಟೆಬಿಲೈಜರ್ ನೋಡಿದ್ರ ಒಳಗ ಬರೋ ವೋಲ್ಟೇಜ್ 180 ತೋರಸ್ತದ. ರಾಡ್ ಡುಪ್ಲಿಕೇಟ್ ಇರಬಹುದಾ? ಬಿಲ್ಲೂ ಜಾಸ್ತಿ ಬರ್ತದೇನು?
(ಒಬ್ಬ ಗೃಹಿಣಿ, ಆಳಂದ)

ಉತ್ತರ: ಅಕ್ಕಾರೆ, ಅಂಗಡಿಯವನ ಮ್ಯಾಲ ಜಗಳಕ್ಕ ಹೋಗೋಕಿಂತ ಮೊದ್ಲ ಒಂದು ಲೆಕ್ಕ ಮಾಡಮು. ವ್ಯಾಟ್ ಅಂದ್ರ ವೋಲ್ಟೇಜ್ × ಕರೆಂಟ್. ಹಂಗಿದ್ರ 1500 ÷ 230, ನಿಮ್ಮ ರಾಡ್ ಎಳಿಯೋ ಕರೆಂಟ್ ಸುಮಾರು 6.5 ಆಂಪಿಯರ್. ಇನ್ನ ವೋಲ್ಟೇಜನ್ನ ಕರೆಂಟಿನಿಂದ ಭಾಗಿಸಿದ್ರ ರೆಸಿಸ್ಟೆನ್ಸ್, ಅಂದ್ರ 230 ÷ 6.52, ಹೆಚ್ಚುಕಮ್ಮಿ 35.3 ಓಮ್. ಈ 35.3 ಅನ್ನೋದು ರಾಡಿನ ಒಳಗಿನ ತಂತಿಯ ಸ್ವಂತ ಆಸ್ತಿ, ಕಂಪನ್ಯಾಗ ತಂತಿ ಕತ್ತರಿಸಿದ ದಿನಾನೇ ಪಕ್ಕಾ ಆಗಿರ್ತದ, ನಿಮ್ಮೂರಾಗ ವೋಲ್ಟೇಜ್ ಎಷ್ಟರ ಬರ್ಲಿ ಅದು ಬದಲಾಗಂಗಿಲ್ಲ. 1500 ವ್ಯಾಟ್ ಅನ್ನೋದು ಹಂಗಲ್ಲ, ಅದು 230 ವೋಲ್ಟ್ ಪೂರ್ತಿ ಸಿಕ್ಕಾಗ ಮಾತ್ರ ಖರೆ.

ಈಗ 180 ವೋಲ್ಟ್ ಬಂತು ಅಂತ ಇಟ್ಕೋರಿ. ಇಲ್ಲೇ ಭಾಳ ಮಂದಿ ಎಡವೋದು, 180 ನ್ನ ಅದೇ 6.5 ಆಂಪಿಯರಿಂದ ಗುಣಿಸಿ 1170 ವ್ಯಾಟ್ ಅಂದುಬಿಡ್ತಾರ. ಆದ್ರ ವೋಲ್ಟೇಜ್ ಇಳಿದ್ರ ಕರೆಂಟೂ ಇಳಿತದಲ್ರಿ, ರೆಸಿಸ್ಟೆನ್ಸ್ ಅಲ್ಲೇ ಕೂತದ. 180 ÷ 35.3 ಅಂದ್ರ 5.1 ಆಂಪಿಯರ್, ಅದನ್ನ 180 ಕ್ಕ ಗುಣಿಸಿದ್ರ ಸಿಗೋದು ಬರೀ 919 ವ್ಯಾಟ್. ವೋಲ್ಟೇಜ್ ಇಳದದ್ದು ನೂರಕ್ಕ 22ರಷ್ಟು, ಕಾವು ಇಳದದ್ದು ನೂರಕ್ಕ 39ರಷ್ಟು. ವೋಲ್ಟೇಜನ್ನ ವೋಲ್ಟೇಜಿಗೇ ಗುಣಿಸಿ ರೆಸಿಸ್ಟೆನ್ಸಿಂದ ಭಾಗಿಸೋ ಸೂತ್ರ ಒಂದು ಅದ, ಅದು ಹೇಳೋದು ಇದನ್ನೇ, ವೋಲ್ಟೇಜಿನ ಪೆಟ್ಟು ಎರಡು ಸಲ ಬೀಳ್ತದ.

ಟೈಮೂ ನೋಡೇಬಿಡಮು. 15 ಲೀಟರ್ ಬಕೀಟು, ನೀರು 20 ಡಿಗ್ರಿಯಿಂದ 50 ಡಿಗ್ರಿಗೆ ಏರಬೇಕು. ಒಂದು ಲೀಟರ್ ನೀರು ಒಂದು ಡಿಗ್ರಿ ಏರ್ಲಿಕ್ಕ ಸುಮಾರು 4186 ಜೂಲ್ ಬೇಕು, 15 × 30 × 4186 ಅಂದ್ರ 18,83,700 ಜೂಲ್. ಒಂದು ವ್ಯಾಟ್ ಅಂದ್ರ ಸೆಕೆಂಡಿಗೆ ಒಂದು ಜೂಲ್, ಹಂಗಾಗಿ 1500 ವ್ಯಾಟಿನ್ಯಾಗ 21 ನಿಮಿಷ, 919 ವ್ಯಾಟಿನ್ಯಾಗ 34 ನಿಮಿಷ. ನೀವು ಬರದದ್ದಕ್ಕ ಬರಾಬರಿ ಕೂಡ್ತದ ನೋಡ್ರಿ. ರಾಡ್ ಡುಪ್ಲಿಕೇಟ್ ಇರ್ಲಿಕ್ಕಿಲ್ಲ, ಮುಂಜಾನಿ ಎದ್ದು ಎಲ್ಲಾರೂ ಒಮ್ಮೆಲೆ ರಾಡ್ ಹಾಕ್ತಾರ, ಹೊಲದಾಗ ಬೋರ್ ಚಾಲೂ ಆಗ್ತಾವ, ಲೈನಿನ ಕಡೀಗಿದ್ದ ಮನಿಗೆ ಉಳಿದ ವೋಲ್ಟೇಜ್ ಅಷ್ಟೇ ಮುಟ್ತದ.

ಬಿಲ್ಲಿನ ಚಿಂತಿ ಬಿಡ್ರಿ. ನೀರು ಕಾಯ್ಲಿಕ್ಕ ಬೇಕಾದ ಜೂಲ್ ಎರಡೂ ಕಡಿ ಅಷ್ಟೇ, ಯೂನಿಟ್ ಲೆಕ್ಕದಾಗ ಅರ್ಧ ಯೂನಿಟಿಗಿಂತ ಜರಾ ಜಾಸ್ತಿ, 0.52. ನಿಧಾನ ಕಾಯೋ ಬಕೀಟು ನಡುವೆ ಗಾಳಿಗೆ ಒಂದಿಷ್ಟು ಬಿಸಿ ಬಿಟ್ಕೊಡ್ತದ, ಫರಕ್ ಅಷ್ಟೇ. ಗೃಹಜ್ಯೋತಿ ಲೆಕ್ಕ ಇಟ್ಟವ್ರಿಗೆ ಹೇಳ್ಬೇಕಂದ್ರ ದಿನಾ ಎರಡು ಬಕೀಟ್ ಕಾಯ್ಸಿದ್ರ ತಿಂಗಳಿಗೆ 31–32 ಯೂನಿಟ್ ಬರೀ ಈ ರಾಡಿಂದೇ ಹೋಗ್ತಾವ.

ಅಷ್ಟಾಗಿಯೂ ಡೌಟ್ ಇದ್ರ ಮಲ್ಟಿಮೀಟರ್ ಇದ್ದವ್ರ ಕಡಿ ಒಯ್ರಿ. ರಾಡು ಸಾಕೆಟಿಂದ ಕಿತ್ತಿರಬೇಕು, ಒಣಾ ಇರಬೇಕು. ಮೀಟರ್ 200 ಓಮ್ ರೇಂಜಿಗಿಟ್ಟು ಪ್ಲಗ್ಗಿನ ಎರಡು ಸಣ್ಣ ಪಿನ್ನಿಗೆ ಹಚ್ಚಿದ್ರ 34 ರಿಂದ 39 ರೊಳಗ ಬಂದ್ರ ಸಾಮಾನು ಸರಿ ಅದ, ಕಂಪನ್ಯಾಗ ಒಂದಿಷ್ಟು ಹೆಚ್ಚುಕಮ್ಮಿಗೆ ಪರವಾನಗಿ ಇರ್ತದ. 53 ರ ಹತ್ರ ತೋರಿಸ್ತು ಅಂದ್ರ ಅದು 1000 ವ್ಯಾಟಿನ ರಾಡು, ಮ್ಯಾಲ 1500 ರ ಚೀಟಿ ಅಂಟಿಸ್ಯಾರ, ಆವಾಗ ಜಗಳಕ್ಕ ಹೋಗ್ರಿ. ಹಂಗೇ ಮೀಟರ್ ಎಲ್ಲಾಕಿಂತ ದೊಡ್ಡ ಓಮ್ ರೇಂಜಿಗೆ ತಿರುಗಿಸಿ ದಪ್ಪನ ಅರ್ಥ್ ಪಿನ್ನು ಮತ್ತ ಸಣ್ಣ ಪಿನ್ನಿನ ನಡುವೆ ಹಚ್ಚಿ ನೋಡ್ರಿ, ಅಲ್ಲಿ ಏನೂ ತೋರಸ್ಬಾರ್ದು, ತೋರಿಸಿದ್ರ ಆ ರಾಡು ಬಕೀಟಿಗೆ ಇಳಸ್ಬ್ಯಾಡ್ರಿ. ಇನ್ನೊಂದು, 6.5 ಆಂಪಿಯರಿಗೆ 6 ಆಂಪಿಯರಿನ ಸಣ್ಣ ಸಾಕೆಟ್ ನಡಿಯಂಗಿಲ್ಲ, ದೊಡ್ಡದು, 16 ಆಂಪಿಯರಿಂದೇ ಬೇಕು. ರಾತ್ರಿ ಲೋಡ್ ಕಮ್ಮಿ ಆಗಿ ವೋಲ್ಟೇಜ್ 250 ಕ್ಕ ಏರಿದಾಗ ಇದೇ ರಾಡು 1770 ವ್ಯಾಟ್ ಆಗಿ 7 ಆಂಪಿಯರ್ ದಾಟ್ತದ.

ಪ್ರಶ್ನೆ: ಸರ್, 12 ವೋಲ್ಟ್ 2.5 ಆಂಪಿಯರ್ ಕೊಟ್ಟಿದ್ರು, ರೆಸಿಸ್ಟೆನ್ಸ್ 4.8 ಓಮ್, ಪವರ್ 30 ವ್ಯಾಟ್ ಅಂತ ತೆಗದೀನಿ, ಸರಿ ಅದ ಅಲ್ಲ? ಆದ್ರ ಮನ್ಯಾಗ ಕೋಳಿಮರಿಗೆ ಕಾವು ಕೊಡ್ಲಿಕ್ಕ ಇಟ್ಟಿದ್ದ ಹಳೀ 100 ವ್ಯಾಟ್ ಬಲ್ಬ್ ಲೆಕ್ಕ ಮಾಡಿದ್ರ 529 ಓಮ್ ಬಂತು, ಮೀಟರ್ ಹಚ್ಚಿದ್ರ 40 ಓಮ್ ಅನ್ಲಕತ್ತದ. ಮೀಟರ್ ಕೆಟ್ಟದೋ ಸೂತ್ರ ಕೆಟ್ಟದೋ?
(ಪಿಯುಸಿ ವಿದ್ಯಾರ್ಥಿ, ಭಾಲ್ಕಿ)

ಉತ್ತರ: ತಮ್ಮಾ, ಎರಡೂ ಕೆಟ್ಟಿಲ್ಲ. ಮೊದಲ್ನೇದು ಸರಿ ಅದ, ಇಂಥಾ ಲೆಕ್ಕ ತಾಳೆ ನೋಡೋದು ಸಸಾರ, 2.5 × 2.5 × 4.8 ಮಾಡು, 30 ಬರ್ತದ, 12 × 12 ÷ 4.8 ಮಾಡು, ಅಲ್ಲೂ 30. ಮೂರೂ ದಾರಿ ಒಂದೇ ಊರಿಗೆ ಬಂದ್ರ ಉತ್ತರ ಪಕ್ಕಾ.

ಬಲ್ಬಿನ ಕಥಿ ಬ್ಯಾರೆ. ನೀನು ಮೀಟರ್ ಹಚ್ಚಿದಾಗ ಒಳಗಿನ ಟಂಗ್‌ಸ್ಟನ್ ತಂತಿ ತಣ್ಣಗಿತ್ತು, ಮೀಟರಿನ ಸಣ್ಣ ಬ್ಯಾಟರಿ ಅದನ್ನ ಏನೂ ಬಿಸಿ ಮಾಡಂಗಿಲ್ಲ. ಅದೇ ಬಲ್ಬ್ ಉರಿಯಾಗ ತಂತಿ ಸುಮಾರು 2500 ಡಿಗ್ರಿಗೆ ಹೋಗಿರ್ತದ, ಟಂಗ್‌ಸ್ಟನ್ ಬಿಸಿ ಆದಂಗ ರೆಸಿಸ್ಟೆನ್ಸ್ ಏರ್ತದ, ಸುಮಾರು ಹದಿಮೂರು ಪಟ್ಟು ಆಗಿ 529 ಕ್ಕ ಮುಟ್ತದ. ಸ್ವಿಚ್ ಒತ್ತಿದ ಕ್ಷಣ ಮಾತ್ರ ಅದು 40 ಓಮೇ, 230 ÷ 40 ಅಂದ್ರ ಆರು ಆಂಪಿಯರಿನ ಹತ್ರ ಕರೆಂಟ್ ನುಗ್ತದ, ಆಮ್ಯಾಲ ಕಣ್ಣು ಮಿಟಕಿಸೋದ್ರಾಗ 0.43 ಕ್ಕ ಇಳಿತದ. ಹಳೀ ಬಲ್ಬ್ ಉರಿತಾ ಉರಿತಾ ಹೋಗೋದು ಕಮ್ಮಿ, ಸ್ವಿಚ್ ಹಾಕಿದಾಗೇ ಟಪ್ ಅಂತ ಹೋಗೋದು ಜಾಸ್ತಿ, ಯಾಕ ಅಂತ ಈಗ ತಿಳೀತಲ್ಲ.

ಹಂಗಿದ್ರ ಮ್ಯಾಲಿನ ಅಕ್ಕಾರ ರಾಡಿಗೆ ಮೀಟರ್ ಹಚ್ರಿ ಅಂತ ಯಾಕಂದೆ ಅಂತೀ? ರಾಡಿನ ಒಳಗಿರೋದು ನೈಕ್ರೋಮ್, ನಿಕ್ಕಲ್ ಕ್ರೋಮಿಯಂ ಕೂಡಿಸಿದ್ದು, ಅದು ಬಿಸಿ ಆದ್ರೂ ರೆಸಿಸ್ಟೆನ್ಸ್ ನೂರಕ್ಕ ಕೆಲವೇ ಪಾಲು ಏರ್ತದ. ಅದಕ್ಕೇ ಇಸ್ತ್ರಿ, ಗೀಜರ್, ರಾಡ್ ಇವಕ್ಕ ತಣ್ಣಗಿದ್ದಾಗ ಅಳತಿ ಮಾಡಿದ್ದು ನಡೀತದ, ಬಲ್ಬಿಗೆ ನಡಿಯಂಗಿಲ್ಲ.

ವೋಲ್ಟೇಜನ್ನ ಕರೆಂಟಿನಿಂದ ಭಾಗಿಸಿದ್ರ ರೆಸಿಸ್ಟೆನ್ಸ್ ಅನ್ನೋ ಓಮ್ ಸಾಹೇಬನ ನಿಯಮದಾಗೂ ಈ ಬಿಸಿಯ ಮಾತು ಅದ. ಜಾರ್ಜ್ ಸೈಮನ್ ಓಮ್ ಜರ್ಮನಿಯವ, ಕೊಲೋನ್ ಊರಾಗ ಸಾಲಿ ಮಾಸ್ತರಿದ್ದ. ಅವನಿಗೂ ನಮ್ಮಂಗೇ ವೋಲ್ಟೇಜಿನ ತ್ರಾಸು, ಆ ಕಾಲದ ಬ್ಯಾಟರಿ ಒಂದು ಕ್ಷಣ ಒಂದು ವೋಲ್ಟೇಜ್ ಇನ್ನೊಂದು ಕ್ಷಣ ಇನ್ನೊಂದು ಕೊಡ್ತಿತ್ತು, ಅಳತಿಗೆ ಅರ್ಥನೇ ಇಲ್ಲ. ಕಡೀಗೆ ಬ್ಯಾಟರಿ ಬಿಟ್ಟು ಬಿಸ್ಮತ್ ಮತ್ತ ತಾಮ್ರ ಜೋಡಿಸಿ ಒಂದು ತುದಿ ಕುದಿಯೋ ನೀರಿನ್ಯಾಗ, ಇನ್ನೊಂದು ತುದಿ ಬರ್ಫಿನ್ಯಾಗ ಇಟ್ಟ. ಕುದಿಯೋ ನೀರೂ ಬರ್ಫೂ ತಮ್ಮ ಡಿಗ್ರಿ ಬಿಟ್ಟು ಸರಿಯಂಗಿಲ್ಲ, ಹಂಗಾಗಿ ವೋಲ್ಟೇಜೂ ಸರೀಲಿಲ್ಲ. ಆವಾಗ ಉದ್ದನೆ ತಂತಿ, ಗಿಡ್ಡನೆ ತಂತಿ ಹಚ್ಚಿ ನೋಡಿ ಲೆಕ್ಕ ಹಿಡದ, 1827ರಾಗ ಪುಸ್ತಕ ಮಾಡ್ದ. ಅವನ ಊರಾಗ ಮೊದಮೊದಲು ಯಾರೂ ಕಿಮ್ಮತ್ ಕೊಡ್ಲಿಲ್ಲ, 1841ರಾಗ ಲಂಡನ್ನಿನ ರಾಯಲ್ ಸೊಸೈಟಿಯವ್ರು ಕೋಪ್ಲಿ ಪದಕ ಕೊಟ್ರು. ತಂತಿಯ ಬಿಸಿ ಬದಲಾಗಬಾರ್ದು ಅನ್ನೋ ಷರತ್ತಿನ ಮ್ಯಾಲೇ ಅವನ ನಿಯಮ ನಿಂತದ. ಪರೀಕ್ಷಾದಾಗ ಆ ಷರತ್ತು ಬರಿ, ಮಾರ್ಕ್ಸ್ ಹೋಗಂಗಿಲ್ಲ.

ಪ್ರಶ್ನೆ: ಬೋರಿಗೆ 5 ಎಚ್‌ಪಿ ತ್ರೀ ಫೇಸ್ ಮೋಟಾರ್ ಅದ. 5 × 746 = 3730 ವ್ಯಾಟ್, 415 ವೋಲ್ಟಿಂದ ಭಾಗಿಸಿದ್ರ 9 ಆಂಪಿಯರ್ ಬಂತು, ಕ್ಲ್ಯಾಂಪ್ ಮೀಟರ್ ಸೈತ ಒಂಬತ್ತರ ಹತ್ರನೇ ತೋರಿಸ್ತು. ಮಿಸ್ತ್ರಿ ಮಾತ್ರ ‘ನಿಮ್ಮ ಲೆಕ್ಕ ತಪ್ಪದ, 1.732 ಬಿಟ್ಟೀರಿ’ ಅಂತಾನ. ಇನ್ನೊಂದು, ವೋಲ್ಟೇಜ್ 340 ಕ್ಕ ಇಳಿದಾಗ ಆಂಪಿಯರ್ 11 ದಾಟ್ತದ. ವೋಲ್ಟೇಜ್ ಇಳಿದ್ರ ಕರೆಂಟ್ ಇಳೀಬೇಕಲ್ರಿ?
(ರೈತ, ಶಹಾಪುರ ತಾಲೂಕು)

ಉತ್ತರ: ಅಣ್ಣಾರೆ, ನಿಮ್ಮ ಪತ್ರ ಓದಿ ಖುಷಿ ಆಯ್ತು, ಯಾಕಂದ್ರ ನಿಮ್ಮ ಉತ್ತರ ಸರಿ, ಮಿಸ್ತ್ರಿ ಮಾತೂ ಸರಿ. ಎರಡು ಕಡಿ ಬಿಟ್ಟದ್ದು ಒಂದಕ್ಕೊಂದು ಹೊಡದುಹೋಗ್ಯಾವ. ತ್ರೀ ಫೇಸ್ ಅಂದ್ರ 1.732 ರಿಂದ ಗುಣಿಸ್ಲೇಬೇಕು, ಅದನ್ನ ಬಿಟ್ರಿ. ಮತ್ತ 5 ಎಚ್‌ಪಿ ಅನ್ನೋದು ಮೋಟಾರ್ ಶಾಫ್ಟಿನ್ಯಾಗ ಹೊರಗ ಕೊಡೋ ಕೆಲಸ, ಒಳಗ ತಗೊಳ್ಳೋದು ಅದಕ್ಕಿಂತ ಜಾಸ್ತಿ, ಸಬ್‌ಮರ್ಸಿಬಲ್ ಮೋಟಾರಿನ ಎಫಿಶಿಯನ್ಸಿ ನೂರಕ್ಕ 70 ಅಂತ ಹಿಡಿರಿ, ಪವರ್ ಫ್ಯಾಕ್ಟರ್ (ಎಳದ ಕರೆಂಟಿನ್ಯಾಗ ಖರೇ ಕೆಲಸಕ್ಕ ಬರೋ ಪಾಲು) 0.8 ಹಿಡಿರಿ. ಈಗ 1.732 × 0.8 × 0.7 ಮಾಡಿದ್ರ 0.97, ಹೆಚ್ಚುಕಮ್ಮಿ ಒಂದೇ! ಅದಕ್ಕೇ ಮೂರೂ ಬಿಟ್ರೂ ಉತ್ತರ ಕೂಡ್ತು. ಪೂರ್ತಿ ಲೆಕ್ಕದಾಗ 9.3 ಆಂಪಿಯರ್. ಎಲ್ಲಾ ಮೋಟಾರಿಗೂ ಹಿಂಗೇ ಕೂಡ್ತದ ಅಂತ ತಿಳ್ಕೊಂಡು ದಾಲ್ ಮಿಲ್ಲಿನ ದೊಡ್ಡ ಮೋಟಾರಿಗೆ ಇದೇ ಹಚ್ಚಬ್ಯಾಡ್ರಿ, ಅದರ ಎಫಿಶಿಯನ್ಸಿ ಬ್ಯಾರೆ, ಲೆಕ್ಕ ಕೈ ಕೊಡ್ತದ.

ಎರಡನೇದು ಭಾಳ ಮುಖ್ಯ. ರಾಡಿಗೆ ಹೇಳಿದ ಮಾತು ಮೋಟಾರಿಗೆ ಉಲ್ಟಾ. ಮೋಟಾರ್ ಬರೀ ತಂತಿ ಅಲ್ಲ, ತಿರುಗ್ಲಕತ್ತಾಗ ಒಳಗೇ ಎದುರಾ ಒಂದು ವೋಲ್ಟೇಜ್ ಹುಟ್ಟಸ್ತದ, ಕರೆಂಟಿಗೆ ತಡಿ ಹಾಕೋದು ಮುಖ್ಯ ಅದು, ವೈಂಡಿಂಗಿನ ಓಮ್ ಅಲ್ಲ. ಮೀಟರ್ ಹಚ್ಚಿ ವೈಂಡಿಂಗ್ ನೋಡ್ರಿ, ಕೆಲವೇ ಓಮ್ ಇರ್ತದ, 415 ನ್ನ ಅದರಿಂದ ಭಾಗಿಸಿದ್ರ ಹುಚ್ಚುಹುಚ್ಚು ಆಂಪಿಯರ್ ಬರ್ತದ. ಇಲ್ಲಿ ಕೆಳಗಿನ ಪಂಪು ನೀರೆತ್ತೋದು ಬಿಟ್ಟಿಲ್ಲ, ಹೆಚ್ಚುಕಮ್ಮಿ ಅಷ್ಟೇ ಕೆಲಸ ಕೇಳ್ತದ. ವೋಲ್ಟೇಜ್ ಇಳಿದ್ರ ಅದೇ ಕೆಲಸಕ್ಕ ಮೋಟಾರು ಜರಾ ಸ್ಪೀಡ್ ಬಿಟ್ಟು ಕರೆಂಟ್ ಜಾಸ್ತಿ ಎಳಿತದ, 9.3 × 415 ÷ 340 ಅಂದ್ರ 11.35, ನಿಮ್ಮ ಮೀಟರೂ ಅಷ್ಟೇ ಅಂತು. ಈಗ ವೈಂಡಿಂಗಿನ ಕಾವು ನೋಡ್ರಿ, ಕಾವು ಅಂದ್ರ ಕರೆಂಟ್ × ಕರೆಂಟ್ × ರೆಸಿಸ್ಟೆನ್ಸ್, ಕರೆಂಟ್ ಒಂದೂಕಾಲು ಪಟ್ಟಿಗಿಂತ ಕಮ್ಮಿನೇ ಏರ್ತು ಖರೆ, ಕಾವು ಒಂದೂವರಿ ಪಟ್ಟು ಆಯ್ತು. ನಾಕೈದು ತಾಸು ಹಂಗ ಓಡಿದ್ರ ಇನ್ಸುಲೇಷನ್ ಸುಟ್ಟು ಮೋಟಾರ್ ಮ್ಯಾಲೆತ್ತೋದೇ, ಎತ್ತೋ ಖರ್ಚು, ವೈಂಡಿಂಗ್ ಖರ್ಚು ನಿಮಗ ನಾ ಹೇಳ್ಬೇಕಾಗಿಲ್ಲ.

ಹಂಗಾಗಿ ಸ್ಟಾರ್ಟರಿನ ಓವರ್‌ಲೋಡ್ ರಿಲೇ ಮೋಟಾರ್ ಪ್ಲೇಟಿನ ಆಂಪಿಯರಿಗೇ ಇಡ್ರಿ. ‘ಸುಮ್ಕ ಟ್ರಿಪ್ ಆಗ್ಲಕತ್ತದ’ ಅಂತ ಸ್ಕ್ರೂ ತಿರುವಿ ಏರಿಸೋ ಚಟ ನಮ್ಮ ಕಡಿ ಭಾಳ ಅದ, ಅದು ಸುಮ್ಕ ಟ್ರಿಪ್ ಆಗಂಗಿಲ್ರಿ, ನಿಮ್ಮ ಮೋಟಾರ್ ಉಳಸ್ಲಕತ್ತದ. ತ್ರೀ ಫೇಸ್ ಬಂದ ಕೂಡ್ಲೆ ಆಟೋ ಸ್ಟಾರ್ಟರಿನ್ಯಾಗ ಸುತ್ತಲಿನ ಎಲ್ಲಾ ಬೋರ್ ಒಮ್ಮೆಲೆ ಎದ್ದೇಳ್ತಾವ, ಎದ್ದೇಳಾಗ ಒಂದೊಂದೂ ಐದಾರು ಪಟ್ಟು ಕರೆಂಟ್ ಎಳಿತದ, ವೋಲ್ಟೇಜ್ ಪಾತಾಳಕ್ಕ ಹೋಗೋದು ಆವಾಗೇ. ಒಂದು ಟಿಸಿ (ಟ್ರಾನ್ಸ್‌ಫಾರ್ಮರ್) ಮ್ಯಾಲಿದ್ದ ನಾಕು ಮಂದಿ ಮಾತಾಡ್ಕೊಂಡು ಐದೈದು ನಿಮಿಷ ಬಿಟ್ಟು ಚಾಲೂ ಮಾಡಿದ್ರ ನಾಕೂ ಮಂದಿ ಮೋಟಾರ್ ಬದುಕ್ತಾವ. ಕೇಳೋರ್ಯಾರು ಅದು ಬ್ಯಾರೆ ಮಾತು.

ಪ್ರಶ್ನೆ: ಬ್ಯಾಸಗ್ಯಾಗ ಮಾಳಗಿ ಮ್ಯಾಲ ಮಲಗ್ತೀವಿ, ಕೆಳಗಿಂದ 30 ಮೀಟರ್ ವೈರ್ ಎಳದು ಕೂಲರ್ ಹಚ್ಚೀವಿ. ಕೂಲರಿಗೆ ಏನೂ ಆಗಂಗಿಲ್ಲ, ಆದ್ರ ಅದೇ ವೈರಿಗೆ ನೀರು ಕಾಯ್ಸೋ ರಾಡ್ ಹಚ್ಚಿದ್ರ ವೈರ್ ಬಿಸಿ ಆಗ್ತದ, ಪ್ಲಗ್ ಕರ್ರಗಾಗಿ ಕರಗ್ಯಾದ. ಯಾಕ?
(ಬೀದರ)

ಉತ್ತರ: ವೈರಿಗೂ ರೆಸಿಸ್ಟೆನ್ಸ್ ಅದಲ್ರಿ. ಒಂದು ಚದರ ಮಿಲಿಮೀಟರ್ ದಪ್ಪದ ತಾಮ್ರದ ತಂತಿ ಮೀಟರಿಗೆ 0.0172 ಓಮ್. ನಿಮ್ಮದು 0.75ರ ಸಾದಾ ವೈರ್ ಇದ್ದಂಗದ, ಕರೆಂಟ್ ಹೋಗಿ ತಿರುಗಿ ಬರ್ಬೇಕು, ಅಂದ್ರ 60 ಮೀಟರ್, ಒಟ್ಟು ಸುಮಾರು 1.4 ಓಮ್. ಕೂಲರ್ ಎಳಿಯೋದು ಒಂದು ಆಂಪಿಯರ್, ವೈರಿನ್ಯಾಗ ಆಗೋ ಕಾವು 1 × 1 × 1.4, ಒಂದೂವರಿ ವ್ಯಾಟೂ ಇಲ್ಲ, ಗೊತ್ತೇ ಆಗಂಗಿಲ್ಲ. ರಾಡ್ 6.5 ಆಂಪಿಯರ್, ಕಾವು 6.5 × 6.5 × 1.4 ಅಂದ್ರ 59 ವ್ಯಾಟ್, ಮ್ಯಾಲ 9 ವೋಲ್ಟ್ ವೈರಿನ್ಯಾಗೇ ಹೋಯ್ತು. ಅದೂ ಉಳಿದ ವೈರ್ ಸುತ್ತಿ ಗಂಟು ಮಾಡಿ ಮೂಲ್ಯಾಗ ಇಟ್ಟಿದ್ರ ಆ ಬಿಸಿ ಹೊರಗ ಹೋಗ್ಲಿಕ್ಕ ದಾರಿನೇ ಇಲ್ಲ.

ಪ್ಲಗ್ ಕರಗಿದ್ದು ಇನ್ನೂ ಕೆಟ್ಟದ್ದು. ಪಿನ್ ಲೂಜ್ ಇದ್ದಲ್ಲಿ ಬರೀ ಅರ್ಧ ಓಮ್ ಇದ್ರೂ ಸಾಕು, 6.5 × 6.5 × 0.5 ಅಂದ್ರ 21 ವ್ಯಾಟ್, ಉಗುರಿನಷ್ಟು ಜಾಗಾದಾಗ. ರೇಡಿಯೋ ರಿಪೇರಿ ಅಂಗಡ್ಯಾಗಿನ ಸಣ್ಣ ಸೋಲ್ಡರಿಂಗ್ ಐರನ್ 25 ವ್ಯಾಟ್ ಇರ್ತದ, ಅದರಿಂದ ಸೀಸ ಕರಗ್ತದ, ನಿಮ್ಮ ಪ್ಲಗ್ ಯಾವ ಲೆಕ್ಕ. ಕರಗಿದ ಪ್ಲಗ್ಗು ಕೆರದು ಮತ್ತ ಹಚ್ಚಬ್ಯಾಡ್ರಿ, ಒಗೀರಿ. ಕೂಲರಿಗೆ ಆ ವೈರ್ ಇರ್ಲಿ, ರಾಡು ಗ್ವಾಡಿಯ 16 ಆಂಪಿಯರ್ ಸಾಕೆಟಿಗೆ ನೇರ ಹಚ್ರಿ.

ಪ್ರಶ್ನೆ: ತಗಡಿನ ಕೂಲರ್ ಮುಟ್ಟಿದ್ರ ಶಾಕ್ ಹೊಡಿತದ. ಎಂಸಿಬಿ (ಕರೆಂಟ್ ಜಾಸ್ತಿ ಹರಿದ್ರ ತಾನೇ ಬೀಳೋ ಸ್ವಿಚ್) ಹಾಕ್ಸೀವಿ, ಅರ್ಥಿಂಗೂ ಅದ, ಆದ್ರೂ ಎಂಸಿಬಿ ಯಾಕ ಬೀಳ್ವಲ್ದು?
(ಕಲಬುರಗಿ)

ಉತ್ತರ: ಮೊದ್ಲ ಪ್ಲಗ್ ಕಿತ್ರಿ, ಆಮ್ಯಾಲ ಓದ್ರಿ. ಒದ್ದಿ ಕೈ, ಬರಿಗಾಲು ಇದ್ದಾಗ ಮನುಷ್ಯಾನ ಮೈ ರೆಸಿಸ್ಟೆನ್ಸ್ ಸಾವಿರ ಓಮ್ ಆಜುಬಾಜು ಅಂತ ಹಿಡೀತಾರ. 230 ÷ 1000 ಅಂದ್ರ 0.23 ಆಂಪಿಯರ್. ಎದಿ ನಿಲ್ಲಸ್ಲಿಕ್ಕ ಇಷ್ಟು ಕರೆಂಟ್ ಸಾಕಾಗಿ ಉಳಿತದ, ಆದ್ರ 6 ಆಂಪಿಯರಿನ ಎಂಸಿಬಿಗೆ ಇದು ಲೆಕ್ಕಕ್ಕೇ ಇಲ್ಲ. ಎಂಸಿಬಿ ಇರೋದು ವೈರ್ ಕಾಯ್ಲಿಕ್ಕ, ನಿಮ್ಮನ್ನ ಕಾಯ್ಲಿಕ್ಕಲ್ಲ.

ಅರ್ಥಿಂಗ್ ಅದ ಅಂತೀರಿ, ಬ್ಯಾಸಗ್ಯಾಗ ಅದರ ಗುಂಡಿ ನೋಡೀರೇನು? ಅರ್ಥಿನ ರೆಸಿಸ್ಟೆನ್ಸ್ 5 ಓಮ್ ಇದ್ರ ತಗಡಿಗೆ ಫೇಸ್ ತಾಗಿದ ಕೂಡ್ಲೆ 46 ಆಂಪಿಯರ್ ಹರಿದು ಎಂಸಿಬಿ ಜಲ್ದಿ ಬೀಳ್ತದ. ನಮ್ಮ ಕರಿ ಮಣ್ಣು ಏಪ್ರಿಲ್ ಮೇ ಬಿಸಲಿಗೆ ಒಣಗಿ ಬಾಯಿ ಬಿಟ್ಟು, ಅರ್ಥ್ ಗುಂಡ್ಯಾಗಿನ ರಾಡಿನ ಸುತ್ತ ಮಣ್ಣೇ ಕೈ ಬಿಟ್ಟಿರ್ತದ, ಆವಾಗ 50 ಓಮ್ ಆಯ್ತು ಅಂತ ಇಟ್ಕೋರಿ, ಹರಿಯೋದು 4.6 ಆಂಪಿಯರ್, 6 ರ ಎಂಸಿಬಿ ಸುಮ್ಕ ಕುಂಡ್ರತದ, ಕೂಲರಿನ ತಗಡೆಲ್ಲಾ ಜೀವಂತ ಕರೆಂಟ್. ಬಾಕಿ ದಾರಿಯ ಸಣ್ಣ ರೆಸಿಸ್ಟೆನ್ಸ್ ನಾ ಹಿಡದಿಲ್ಲ, ಹಿಡದ್ರೂ ಕಥಿ ಅದೇ. ಬ್ಯಾಸಗ್ಯಾಗ ಅರ್ಥ್ ಗುಂಡಿಗೆ ಆವಾಗವಾಗ ನೀರು ಹಾಕ್ರಿ. ಮತ್ತ 30 ಮಿಲಿಆಂಪಿಯರಿನ ಆರ್‌ಸಿಸಿಬಿ ಹಾಕಸ್ರಿ, ಅದು ಹೋದ ಕರೆಂಟು ತಿರುಗಿ ಬಂದ ಕರೆಂಟು ತೂಗಿ ನೋಡ್ತದ, 0.03 ಆಂಪಿಯರ್ ಫರಕ್ ಬಂದ್ರ ಕಟ್ ಮಾಡ್ತದ. ಮಿಸ್ತ್ರಿ ಕರಸಿ ಕೂಲರಿನ ಮೋಟಾರು, ನೀರಿನ ಪಂಪು ಎರಡೂ ತೋರಸ್ರಿ, ಲೀಕ್ ಇರೋದು ಅಲ್ಲೇ. ಮತ್ತ ಅದು ಚಾಲೂ ಇದ್ದಾಗ ಯಾರೂ ನೀರು ಹಾಕ್ಬಾರ್ದು, ಮನ್ಯಾಗ ಸಣ್ಣ ಹುಡುಗ್ರಿಗೂ ಹೇಳಿ ಇಡ್ರಿ.

ಪ್ರಶ್ನೆ: 9 ವ್ಯಾಟ್ ಎಲ್‌ಇಡಿ ಬಲ್ಬಿನ ರೆಸಿಸ್ಟೆನ್ಸ್ 5878 ಓಮ್ ಬಂತು, ಮೀಟರಿಗೆ ಏನೂ ಬರ್ವಲ್ದು.
(ಯಾದಗಿರಿ)

ಉತ್ತರ: ಬರಂಗಿಲ್ಲ. ಒಳಗ ಡ್ರೈವರ್ ಸರ್ಕ್ಯೂಟ್ ಅದ, ವೋಲ್ಟೇಜ್ ಏರ್ಲಿ ಇಳಿಲಿ ಅದು ಎಲ್‌ಇಡಿಗೆ ಬೇಕಾದಷ್ಟೇ ಕರೆಂಟ್ ಕೊಡ್ಲಿಕ್ಕ ನೋಡ್ತದ, ಅದಕ್ಕೇ ಒಳ್ಳೇ ಎಲ್‌ಇಡಿ 180 ವೋಲ್ಟಿನ್ಯಾಗೂ ಮಂಕಾಗಂಗಿಲ್ಲ. ಈ 5878 ಕ್ಕ ಅರ್ಥ ಇಲ್ಲ, ಹೊಡದುಹಾಕ್ರಿ. ವೈರಿಂಗ್ ಲೆಕ್ಕಕ್ಕ ಆಂಪಿಯರ್ ಬೇಕಂದ್ರ 9 ನ್ನ 230 ರಿಂದ ಭಾಗಿಸಿ, ಬಲ್ಬಿನ ಡಬ್ಬಿ ಮ್ಯಾಲ ಬರದ ಪವರ್ ಫ್ಯಾಕ್ಟರಿಂದ ಇನ್ನೊಮ್ಮೆ ಭಾಗಿಸ್ರಿ. 0.5 ಅಂತ ಇದ್ರ 0.08 ಆಂಪಿಯರ್ ಹತ್ರ ಬರ್ತದ.